ಸಾಂಬ್ರಾ ಬಯಲಿನ ಆ ಡಿಸೆಂಬರ್

ನರಗುಂದದ ಗುಡ್ಡವನ್ನು ಹಿಂದೆ ಬಿಟ್ಟು ಎರೆಹೊಲಗಳ ನಡುವಿನ ದಾರಿಯಲ್ಲಿ ನಾವು ಚಿಕ್ಕನರಗುಂದವನ್ನು ತಲುಪಿದಾಗ ಇಳಿಹೊತ್ತಾಗಿತ್ತು. ನಾವು ಕಾಣಬೇಕಾಗಿದ್ದ ಹಿರಿಯರು ಕಟ್ಟೆಯ ಮೇಲೆ ಕಂಬಳಿ ಹಾಸಿಕೊಂಡು ಕುಳಿತಿದ್ದರು. ಹಣೆಯಲ್ಲಿ ವಿಭೂತಿ, ವಯಸ್ಸು 80 ದಾಟಿದೆ, ಬೆನ್ನು ಮಾತ್ರ ಇನ್ನೂ ಪರೇಡ್ ಮೈದಾನದಲ್ಲಿದ್ದಂತೆ ನೆಟ್ಟಗಿದೆ. "ಬರ್ರಿ, ನೀವು ಫಾದರ್ ಕಡೆಯವರಲ್ಲೇನ್ರಿ?" ಎಂದು ಕೇಳಿ ನಮ್ಮನ್ನು ಕೂರಿಸಿಕೊಂಡರು. ಹೆಸರು ಮಾತ್ರ ಪತ್ರಿಕೆಯಲ್ಲಿ ಬೇಡವೆಂದರು. ಅವರ ಇಚ್ಛೆಯನ್ನು ಮನ್ನಿಸಿದ್ದೇವೆ.

ಮಲಪ್ರಭೆಯ ಕಾಲುವೆ ಈ ಸೀಮೆಗೆ ಇನ್ನೂ ಬಾರದಿದ್ದ ದಿನಗಳವು. ಮಳೆ ಕೈಕೊಟ್ಟ ವರ್ಷ ಜೋಳವೂ ಇಲ್ಲ, ಹತ್ತಿಯೂ ಇಲ್ಲ. ಮನೆಯ ಮೂವರು ಗಂಡುಮಕ್ಕಳಲ್ಲಿ ಒಬ್ಬನಾದರೂ ಸಂಬಳ ತರಲೆಂದು ತಂದೆ ಇವರನ್ನು ಬೆಳಗಾವಿಗೆ ಕರೆದೊಯ್ದರಂತೆ. ತಾಯಿಗೆ ಆ ಊರಿನ ಹೆಸರೇ ಅಂಜಿಕೆ. 1858ರ ಬಂಡಾಯದ ನಂತರ ನರಗುಂದದ ಬಾಬಾಸಾಹೇಬರನ್ನು ಗಲ್ಲಿಗೇರಿಸಿದ್ದು ಬೆಳಗಾವಿಯಲ್ಲಿಯೇ ಅಲ್ಲವೇ? ನೂರು ವರ್ಷ ಕಳೆದರೂ ಹಳ್ಳಿಯ ಹೆಂಗಸರು ಅದನ್ನು ಮರೆತಿರಲಿಲ್ಲ. ಅಂತೂ ಹುಡುಗ ವಾಯುಪಡೆಯ ನೆಲದ ಸಿಬ್ಬಂದಿಗೆ ಸೇರಿದ. ತರಬೇತಿ ಮುಗಿದ ಮೇಲೆ, 1961ರಲ್ಲಿ, ಸಾಂಬ್ರಾಕ್ಕೆ ಬಂದ.

ಬೆಳಗಾವಿಯ ಪೂರ್ವಕ್ಕೆ ಸುಮಾರು 10 ಕಿಲೋಮೀಟರ್ ದೂರದ ಸಾಂಬ್ರಾ ಎರಡನೆಯ ಮಹಾಯುದ್ಧದ ಕಾಲದಲ್ಲಿ ಹುಟ್ಟಿದ ವಿಮಾನನೆಲೆ. ಸುತ್ತಲೂ ಹೊಲಗಳು. ಹಿರಿಯರ ನೆನಪಿನಲ್ಲಿ ಅಲ್ಲಿ ಉಳಿದಿರುವುದು ಶೌರ್ಯಕ್ಕಿಂತ ಧೂಳು. ಡೇರೆಯೊಳಗೆ ಧೂಳು, ಚಹಾದಲ್ಲಿ ಧೂಳು, ಒಗೆದ ಅಂಗಿ ಒಣಗುವುದರೊಳಗೆ ಮತ್ತೆ ಧೂಳು. ವಿಮಾನಗಳಿಗೆ ಇಂಧನ ತುಂಬುವ ಲಾರಿಯಲ್ಲಿ ಇವರದು ಕೆಲಸ. ಜೊತೆಗಾರ ಖಾನಾಪುರ ಕಡೆಯ ಕಥೋಲಿಕ ತರುಣ. ನಮ್ಮನ್ನು ಆ ಮನೆಯ ಬಾಗಿಲಿಗೆ ಕರೆದುಕೊಂಡು ಹೋದದ್ದು ಈ ಜೊತೆಗಾರನ ಕಥೆಯೇ.

ಆತನ ತಾಯಿಯ ತವರು ಗೋವೆ. ಬೆಳಗಾವಿ ಸೀಮೆಯ ಕಥೋಲಿಕ ಕುಟುಂಬಗಳಿಗೆ ಗೋವೆ ಹೊರದೇಶವೆಂದು ಎಂದೂ ಅನ್ನಿಸಿರಲಿಲ್ಲ. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯ ಸ್ಥಾಪನೆಯಾಗುವವರೆಗೆ ಇಲ್ಲಿಯ ಅನೇಕ ಧರ್ಮಕೇಂದ್ರಗಳು ಗೋವೆಯ ಮಹಾಧರ್ಮಾಧ್ಯಕ್ಷರ ಆಡಳಿತಕ್ಕೆ ಸೇರಿದ್ದವು. ಮದುವೆ, ನಾಮಕರಣ, ಸಂತರ ಹಬ್ಬ, ಎಲ್ಲಕ್ಕೂ ಲೋಂಡಾದಿಂದ ರೈಲು ಹತ್ತಿ ಘಟ್ಟ ಇಳಿದರೆ ಆಯಿತು. 1955ರಲ್ಲಿ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಜರು ಗುಂಡು ಹಾರಿಸಿದ ತರುವಾಯ ಗಡಿ ಮುಚ್ಚಿತು, ಕ್ಯಾಸಲ್‌ರಾಕ್‌ನಿಂದಾಚೆಗೆ ರೈಲು ನಿಂತಿತು. ಆರು ವರ್ಷ ಆ ತಾಯಿ ತನ್ನ ತಾಯಿಯ ಮುಖ ನೋಡಿರಲಿಲ್ಲ.

ಗೋವೆಯದು ಧರ್ಮದ ಪ್ರಶ್ನೆಯೆಂದು ಲಿಸ್ಬನ್ನಿನವರು ಜಗತ್ತಿಗೆ ಸಾರುತ್ತಿದ್ದರು. ಅದು ಹಾಗಲ್ಲವೆಂಬುದಕ್ಕೆ ಸಾಕ್ಷಿಗಳು ನಮ್ಮವರಲ್ಲಿಯೇ ಇದ್ದರು. ಟಿ.ಬಿ. ಕುನ್ಹಾ ಅವರನ್ನು ಯಾರು ಮರೆಯಬಲ್ಲರು? 1955ರಿಂದ ಕಾಡಿನ ಮರೆಯಲ್ಲಿ, ಮೊದಲು ಅಂಬೋಲಿಯಿಂದ ನಂತರ ಕ್ಯಾಸಲ್‌ರಾಕ್‌ನಿಂದ, ವಾಮನ ಸರ್ದೇಸಾಯಿಯವರೊಡನೆ ಗುಪ್ತ ಬಾನುಲಿ ನಡೆಸಿದ ಲಿಬಿಯಾ ಲೋಬೊ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಿತು. 1961ರ ಕಾರ್ಯಾಚರಣೆಯಲ್ಲಿ ವಾಯುಪಡೆಯ ಮುಂದಾಳಾಗಿದ್ದವರು ಏರ್ ವೈಸ್ ಮಾರ್ಷಲ್ ಎರ್ಲಿಕ್ ಪಿಂಟೊ. ಆ ಮನೆತನದ ಹೆಸರನ್ನು ನಮ್ಮ ಓದುಗರಿಗೆ ಪರಿಚಯಿಸಬೇಕಾಗಿಲ್ಲ.

ಡಿಸೆಂಬರ್ ಮೊದಲ ವಾರದಿಂದಲೇ ಬೆಳಗಾವಿಯ ರಸ್ತೆಗಳಲ್ಲಿ ಸೇನೆಯ ಲಾರಿಗಳ ಸಾಲು. ಮೇಜರ್ ಜನರಲ್ ಕೆ.ಪಿ. ಕ್ಯಾಂಡೆತ್ ಅವರ 17ನೇ ಪದಾತಿ ವಿಭಾಗ ಅಲ್ಲಿ ನೆರೆದಿತ್ತು. ಸಾಂಬ್ರಾಕ್ಕೆ ಹಂಟರ್ ವಿಮಾನಗಳು ಬಂದಿಳಿದವು. ಎಲ್ಲಿಗೆ ಹೋಗುತ್ತವೆ ಎಂದು ಇಂಧನ ತುಂಬುವವರಿಗೆ ಹೇಳುವ ಪದ್ಧತಿಯಿಲ್ಲ. ಆದರೆ ತಿಳಿಯದವರು ಯಾರು? ಜೊತೆಗಾರ ಮಾತು ಕಡಿಮೆ ಮಾಡಿದ. ಆಗಮನ ಕಾಲದ ಆ ರಾತ್ರಿಗಳಲ್ಲಿ ಡೇರೆಯ ಹಿಂದೆ ಮೊಣಕಾಲೂರಿ ಜಪಸರ ಮಾಡುತ್ತಿದ್ದ. "ಗೋಂಯ್ಚೊ ಸಾಯಬ್" ಎಂದು ಅವನು ಮತ್ತೆ ಮತ್ತೆ ಹೇಳುವುದನ್ನು ಕೇಳಿ, ಗೋವೆಯಲ್ಲಿರುವ ಯಾವನೋ ದೊಡ್ಡ ಅಧಿಕಾರಿಯಿರಬೇಕೆಂದು ನಮ್ಮ ಹಿರಿಯರು ಭಾವಿಸಿದ್ದರಂತೆ. ಅದು ಸಂತ ಫ್ರಾನ್ಸಿಸ್ ಕ್ಸೇವಿಯರರನ್ನು ಗೋವೆಯವರು ಕರೆಯುವ ಹೆಸರೆಂದು ಬಹುಕಾಲದ ಮೇಲೆ ತಿಳಿಯಿತು. ಇದನ್ನು ಹೇಳುವಾಗ ಈಗಲೂ ಅವರಿಗೆ ನಗು.

ಡಿಸೆಂಬರ್ 18ರಂದು ಹಂಟರ್‌ಗಳು ಹಾರಿದವು. ಪುಣೆಯಿಂದ ಹೊರಟ ಕ್ಯಾನ್‌ಬೆರಾಗಳು ದಾಬೋಲಿಯ ಓಡುದಾರಿಯನ್ನು ಕೆಡಿಸಿದರೆ, ಸಾಂಬ್ರಾದಿಂದ ಹೊರಟವು ಬಾಂಬೋಲಿಯ ನಿಸ್ತಂತು ಕೇಂದ್ರವನ್ನು ಹೊಡೆದವು. ಬಾಂಬೋಲಿ ಎಂಬ ಹೆಸರು ಕಿವಿಗೆ ಬಿದ್ದಾಗ ಜೊತೆಗಾರ ಕೈಯಲ್ಲಿದ್ದ ಮಗ್ಗನ್ನು ಕೆಳಗಿಟ್ಟ. ಅಜ್ಜಿಯ ಮನೆ ಅದೇ ಸುತ್ತಿನಲ್ಲಿತ್ತು. ಆ ವಿಮಾನಗಳಿಗೆ ಇಂಧನ ತುಂಬಿದ್ದು ಇವರಿಬ್ಬರ ಕೈ.

ಇಲ್ಲಿ ಹಿರಿಯರು ಬಹಳ ಹೊತ್ತು ಸುಮ್ಮನಾದರು. ಆ ದಿನ ಅವನೊಡನೆ ಏನು ಮಾತನಾಡಬೇಕೆಂದು ತಿಳಿಯದೆ ತಾವು ಲಾರಿಯ ಚಕ್ರ ತೊಳೆಯುತ್ತ ಕುಳಿತೆವೆಂದರು. ಚಕ್ರ ತೊಳೆಯುವ ಅಗತ್ಯವೇ ಇರಲಿಲ್ಲವಂತೆ.

19ರ ರಾತ್ರಿ ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವಾ ಶರಣಾಗತಿಗೆ ಸಹಿ ಹಾಕಿದರು. ಕೊನೆಯವರೆಗೆ ಹೋರಾಡಿರೆಂಬ ಲಿಸ್ಬನ್ನಿನ ಆಜ್ಞೆಯನ್ನು ಪಾಲಿಸದೆ ಅನೇಕ ಜೀವಗಳನ್ನು ಉಳಿಸಿದ ಆ ಮನುಷ್ಯನಿಗೆ ಸ್ವದೇಶದಲ್ಲಿ ಸಿಕ್ಕಿದ್ದು ಶಿಕ್ಷೆ. ಸಾಂಬ್ರಾದಲ್ಲಿ ಸಿಹಿ ಹಂಚಿದರು. ಜೊತೆಗಾರನೂ ತಿಂದ. ಕ್ರಿಸ್ಮಸ್ ಹಿಂದಿನ ರಾತ್ರಿ ಅವನಿಗೆ ಪಾಳಿ ಬಂದಿತ್ತು; ನಮ್ಮ ಹಿರಿಯರು ಅದನ್ನು ತಾವು ವಹಿಸಿಕೊಂಡು ಅವನನ್ನು ಬಲಿಪೂಜೆಗೆ ಕಳುಹಿಸಿದರು. ಜನವರಿಯಲ್ಲಿ ರಜೆ ದೊರೆತು ಆತ ಘಟ್ಟ ಇಳಿದು ಹೋದ. ಅಜ್ಜಿ ಬದುಕಿದ್ದರು. ಬಾಂಬಿನ ಮಾತನ್ನೇ ಎತ್ತದೆ, ಆರು ವರ್ಷ ಏಕೆ ಬರಲಿಲ್ಲವೆಂದು ಬೈದರಂತೆ.

ಇಂಧನದ ಲಾರಿಯ ವಿಷಯವನ್ನು ಆತ ಅಜ್ಜಿಗೆ ಹೇಳಿದನೋ ಇಲ್ಲವೋ, ನಮ್ಮ ಹಿರಿಯರು ಎಂದೂ ಕೇಳಲಿಲ್ಲ. ಕೇಳಬೇಕಿತ್ತೆಂದು ಈಗ ಅನ್ನಿಸುತ್ತದಂತೆ. ಗೆಳೆಯ ತೀರಿಕೊಂಡು ವರ್ಷಗಳಾದವು.

1964ರ ಕೊನೆಯಲ್ಲಿ ಸಂತರ ಪವಿತ್ರ ಶರೀರದ ಪ್ರದರ್ಶನ ಏರ್ಪಟ್ಟಾಗ ಆ ಗೆಳೆಯ ತನ್ನ ತಾಯಿಯೊಡನೆ ಇವರನ್ನೂ ಹಳೆಗೋವೆಗೆ ಕರೆದೊಯ್ದ. ಸಾಲಿನಲ್ಲಿ ನಿಂತು ಕಾಲು ಸೋತವು. ಕಡೆಗೂ ಕಂಡೆವಲ್ಲ, ಇವರೇನೇ ನಿನ್ನ ಸಾಹೇಬರು, ಎಂದು ಕೇಳಿದಾಗ ಆ ತಾಯಿ ನಕ್ಕು, ಹೊರಗೆ ಬಂದು ಇವರಿಗೂ ಒಂದು ಚಿಕ್ಕ ಪದಕ ಕೊಂಡುಕೊಟ್ಟರು.

ಸಾಂಬ್ರಾ ಈಗ ಬದಲಾಗಿದೆ. ವಾಯುಯೋಧರ ತರಬೇತಿ ಶಾಲೆಯಿಂದ 2023ರಲ್ಲಿ ಮಹಿಳಾ ಅಗ್ನಿವೀರರೂ ತೇರ್ಗಡೆಯಾಗಿ ಹೊರಬಂದಿದ್ದಾರೆ. ಸುದ್ದಿಯನ್ನು ಹಿರಿಯರು ಮೊಮ್ಮಗಳಿಂದ ಕೇಳಿ ತಿಳಿದಿದ್ದಾರೆ. ನಾವು ಹೊರಡುವ ಮುನ್ನ ಒಳಗೆ ಹೋಗಿ ತಗಡಿನ ಪೆಟ್ಟಿಗೆಯನ್ನು ತಂದು ತೆರೆದರು. ಪಿಂಚಣಿಯ ಪುಸ್ತಕ, ಸರಕಾರ ಕೊಟ್ಟ ಎರಡು ಪದಕ, ಅವುಗಳ ಪಕ್ಕದಲ್ಲಿ ಕೆಂಪು ದಾರ ಪೋಣಿಸಿದ, ಸವೆದು ಮುಖ ಅಳಿಸಿದ ಸಂತರ ಪದಕ. ದಾರವನ್ನು ಮೂರು ಸಲ ಬದಲಿಸಿದ್ದಾಗಿ ಹೇಳಿದರು.