ಗುಪ್ತನಾಮಕ್ಕೂ ಉಂಟು ಮರ್ಯಾದೆ

ಅಂತರ್ಜಾಲದ ಸಮುದಾಯಗಳಲ್ಲಿ ಜಗಳ ಎದ್ದಾಗ ‘ನಿಜ ಹೆಸರು ಹೇಳಿ ಮಾತಾಡು’ ಎಂಬ ಸವಾಲು ಬಂದೇ ಬರುತ್ತದೆ. ಆದರೆ ನಂಬಿಕೆ ಬೆಳೆಯಲು ನಿಜ ಹೆಸರಿಗಿಂತ, ಒಂದೇ ಹೆಸರಿಗೆ ಬಹುಕಾಲ ಅಂಟಿಕೊಂಡಿರುವುದು ಹೆಚ್ಚು ಮುಖ್ಯ. ಸಂಶೋಧಕರಾದ ಎರಿಕ್ ಫ್ರೀಡ್‌ಮನ್ ಮತ್ತು ಪಾಲ್ ರೆಸ್ನಿಕ್ 2001ರಲ್ಲಿ ಇದನ್ನು ಗಣಿತದ ಮೂಲಕ ತೋರಿಸಿದರು. ಹೆಸರು ಕೆಟ್ಟ ಮರುಕ್ಷಣವೇ ಹೊಸ ಖಾತೆ ತೆರೆಯಬಹುದಾದ ಕಡೆ, ಹೊಸಬರನ್ನೆಲ್ಲ ಅನುಮಾನದಿಂದ ನೋಡದೆ ಸಮುದಾಯಕ್ಕೆ ಬೇರೆ ದಾರಿಯಿಲ್ಲ. ಪ್ರಾಮಾಣಿಕರೂ ಆ ದಂಡ ತೆರಬೇಕು.

ದಂಡ ಎಷ್ಟು? ರೆಸ್ನಿಕ್ ಮತ್ತು ಸಂಗಡಿಗರು ಇಬೇ ಹರಾಜು ತಾಣದಲ್ಲಿ ಅದನ್ನು ಅಳೆದೇಬಿಟ್ಟರು. ಒಳ್ಳೆಯ ಹೆಸರಿದ್ದ ಒಬ್ಬ ವ್ಯಾಪಾರಿ ಹಳೆಯ ಕಾಲದ ಪೋಸ್ಟ್‌ಕಾರ್ಡುಗಳನ್ನು ಜೋಡಿ ಮಾಡಿ, ಒಂದನ್ನು ತನ್ನ ಹಳೆಯ ಖಾತೆಯಿಂದ, ಅದರ ಜೊತೆಯದನ್ನು ಹೊಚ್ಚ ಹೊಸ ಖಾತೆಯಿಂದ ಮಾರಿದ. ಸರಕೂ ಒಂದೇ, ಮಾರಿದವನೂ ಒಬ್ಬನೇ. ಆದರೂ ಹಳೆಯ ಖಾತೆಗೆ ಕೊಳ್ಳುವವರು ಸುಮಾರು ಶೇ. 8ರಷ್ಟು ಹೆಚ್ಚು ಕೊಡಲು ಸಿದ್ಧರಿದ್ದರು.

ಹೀಗೆ ನಿಧಾನವಾಗಿ ಹೆಸರು ಗಳಿಸುವ ಬದಲು, ವಾದದಲ್ಲಿ ಗೆಲ್ಲಲು ಒಂದು ಅಡ್ಡದಾರಿಯಿದೆ: ಇಲ್ಲದ ಪದವಿ ಹೇಳಿಕೊಳ್ಳುವುದು. ವಿಕಿಪೀಡಿಯದ ‘ಎಸ್ಸ್‌ಜೇ’ ಪ್ರಕರಣ ಇದಕ್ಕೆ ಪ್ರಸಿದ್ಧ ಉದಾಹರಣೆ. ಈ ಗುಪ್ತನಾಮದ ಸಂಪಾದಕ ತಾನು ಧರ್ಮಶಾಸ್ತ್ರದ ಪ್ರಾಧ್ಯಾಪಕ, ಡಾಕ್ಟರೇಟ್ ಪಡೆದವನು ಎಂದು ಬರೆದುಕೊಂಡಿದ್ದ. ಕ್ಯಾಥೊಲಿಕ್ ಪಂಥ ಕುರಿತ ಚರ್ಚೆಯೊಂದರಲ್ಲಿ, ಆರಂಭಿಕ ಓದುಗರಿಗಾಗಿ ಬರೆದ ಸರಳ ಕೈಪಿಡಿಯೊಂದನ್ನು ಆಧಾರವಾಗಿ ಮುಂದಿಟ್ಟು, ಅದರ ವಿಶ್ವಾಸಾರ್ಹತೆಗೆ ತನ್ನ ಪಿಎಚ್.ಡಿ.ಯನ್ನೇ ಪಣಕ್ಕಿಟ್ಟ. 2006ರಲ್ಲಿ ‘ದಿ ನ್ಯೂಯಾರ್ಕರ್’ ಪತ್ರಿಕೆಯೂ ಆ ಪರಿಚಯವನ್ನು ನಂಬಿ ಅಚ್ಚುಹಾಕಿತು. ಮರುವರ್ಷ ನಿಜ ಹೊರಬಿತ್ತು: ಆತ ಯಾವ ಡಾಕ್ಟರೇಟೂ ಇಲ್ಲದ 24ರ ತರುಣ. 2007ರ ಮಾರ್ಚ್‌ನಲ್ಲಿ ವಿಕಿಪೀಡಿಯದಲ್ಲಿ ತನಗಿದ್ದ ಹುದ್ದೆಗಳನ್ನೆಲ್ಲ ಬಿಟ್ಟು ಹೊರನಡೆದ. ಸೋಜಿಗವೆಂದರೆ, ಸಾವಿರಾರು ತಿದ್ದುಪಡಿ ಮಾಡಿ ಆ ಗುಪ್ತನಾಮಕ್ಕೆ ಗಳಿಸಿದ್ದ ಗೌರವ ಅಪ್ಪಟವೇ ಆಗಿತ್ತು. ಸುಳ್ಳಾಗಿದ್ದದ್ದು ಪದವಿ ಮಾತ್ರ. ಪದವಿಗಳನ್ನು ಪರಿಶೀಲಿಸಬೇಕೆಂದು ಸಂಸ್ಥಾಪಕ ಜಿಮ್ಮಿ ವೇಲ್ಸ್ ಆಗ ಮಾಡಿದ ಸಲಹೆಯನ್ನು ಸಂಪಾದಕರು ಒಪ್ಪಲಿಲ್ಲ. ಯಾರು ಬರೆದರೂ ಪರಿಶೀಲಿಸಬಲ್ಲ ಆಧಾರ ಬೇಕು ಎಂಬ ಹಳೆಯ ನಿಯಮವೇ ಉಳಿಯಿತು. ಅದು ಜಾಣ ನಿರ್ಧಾರ.

ನಿಜ ಹೆಸರನ್ನು ಕಾನೂನಿನಿಂದಲೇ ಕಡ್ಡಾಯ ಮಾಡಿದ ದೇಶ ದಕ್ಷಿಣ ಕೊರಿಯ. 2007ರಿಂದ ದೊಡ್ಡ ಜಾಲತಾಣಗಳಲ್ಲಿ ಅಭಿಪ್ರಾಯ ಬರೆಯುವವರು ಮೊದಲು ತಮ್ಮ ಗುರುತು ದೃಢಪಡಿಸಬೇಕಿತ್ತು. ಹೀಗೆ ತಾಣಗಳಲ್ಲಿ ರಾಶಿಬಿದ್ದ ಖಾಸಗಿ ಮಾಹಿತಿ ಕನ್ನಗಾರರಿಗೆ ಹಬ್ಬವಾಯಿತು. 2011ರ ಒಂದೇ ದಾಳಿಯಲ್ಲಿ ಸುಮಾರು 3.5 ಕೋಟಿ ಬಳಕೆದಾರರ ವಿವರ ಸೋರಿಹೋಯಿತು. ಕಾನೂನುಬಾಹಿರ ಬರಹಗಳು ಗಮನಾರ್ಹವಾಗಿ ಇಳಿದದ್ದಕ್ಕೆ ಪುರಾವೆಯಿಲ್ಲ ಎಂದ ಅಲ್ಲಿನ ಸಂವಿಧಾನ ನ್ಯಾಯಾಲಯ, 2012ರ ಆಗಸ್ಟ್‌ನಲ್ಲಿ ಆ ಕಾನೂನನ್ನು ಒಮ್ಮತದಿಂದ ರದ್ದುಮಾಡಿತು.