ದುಬಾರಿ ಗ್ರಾಫಿಕ್ಸ್ ಕಾರ್ಡ್: ಬೆಲೆ ಕಟ್ಟುವುದು ಹೇಗೆ?

2025ರ ಜನವರಿಯಲ್ಲಿ ಅಮೆರಿಕದ ಲಾಸ್ ವೇಗಸ್‌ನಲ್ಲಿ ಎನ್‌ವಿಡಿಯಾ ಕಂಪನಿಯ ಮುಖ್ಯಸ್ಥ ಜೆನ್ಸನ್ ಹುವಾಂಗ್ ಹೊಸ ಕಾರ್ಡ್‌ಗಳನ್ನು ಬಿಡುಗಡೆ ಮಾಡಿದರು. 549 ಡಾಲರ್‌ನ ಆರ್‌ಟಿಎಕ್ಸ್ 5070, ಹಿಂದೆ 1,599 ಡಾಲರ್‌ಗೆ ಬಂದಿದ್ದ 4090ರಷ್ಟೇ ಸಾಮರ್ಥ್ಯ ಕೊಡುತ್ತದೆ ಎಂದರು. ಆದರೆ 4090ರಲ್ಲಿ 24 ಜಿಬಿ ಮೆಮೊರಿ ಇದ್ದರೆ 5070ರಲ್ಲಿ ಇರುವುದು 12 ಜಿಬಿ. ಹಾಗಾದರೆ ಎರಡೂ ಸಮ ಆಗುವುದು ಹೇಗೆ?

ಉತ್ತರ ಫ್ರೇಮ್‌ಗಳ ಲೆಕ್ಕದಲ್ಲಿದೆ. ಕಾರ್ಡ್ ಆಟದ ದೃಶ್ಯವನ್ನು ಒಂದೊಂದೇ ಚಿತ್ರವಾಗಿ ರಚಿಸುತ್ತದೆ. ಅದೇ ಫ್ರೇಮ್. ಹೊಸ ಕಾರ್ಡ್‌ಗಳು ಹೀಗೆ ರಚಿಸಿದ ಎರಡು ಫ್ರೇಮ್‌ಗಳ ನಡುವೆ ಕೃತಕ ಬುದ್ಧಿಮತ್ತೆಯಿಂದ ಮೂರು ಫ್ರೇಮ್ ಸೇರಿಸಬಲ್ಲವು. ನಿಜವಾದ 30 ಫ್ರೇಮ್ ಪರದೆಯ ಮೇಲೆ 120 ಆಗುತ್ತವೆ. ಚಲನೆ ನಯವಾಗಿ ಕಾಣುತ್ತದೆ, ಸುಳ್ಳಲ್ಲ. ಆದರೆ ನೀವು ಮೌಸ್ ಒತ್ತಿದ್ದಕ್ಕೆ ಆಟ ಉತ್ತರಿಸುವುದು ನಿಜವಾದ ಫ್ರೇಮ್‌ನಲ್ಲಿ ಮಾತ್ರ. ಕಣ್ಣಿಗೆ 120, ಕೈಗೆ 30. ಆದ್ದರಿಂದ ಯಾವುದೇ ಪರೀಕ್ಷಾ ಫಲಿತಾಂಶ ನೋಡುವಾಗ ಫ್ರೇಮ್ ಜನರೇಷನ್ ಆನ್ ಇತ್ತೇ, ಆಫ್ ಇತ್ತೇ ಎಂದು ಮೊದಲು ನೋಡಿ.

ಎರಡನೆಯದು, ಸರಾಸರಿಯನ್ನಷ್ಟೇ ನಂಬಬೇಡಿ. ಸರಾಸರಿ 100 ಫ್ರೇಮ್ ಇದ್ದರೂ ನಡುನಡುವೆ 35ಕ್ಕೆ ಇಳಿದರೆ ಆಟ ತಡವರಿಸುತ್ತದೆ. ಇದನ್ನು ತೋರಿಸುವ ಅಂಕಿಯ ಹೆಸರು 'ಒಂದು ಪರ್ಸೆಂಟ್ ಲೋ'. ಅದು ಸರಾಸರಿಗೆ ಹತ್ತಿರವಿದ್ದಷ್ಟೂ ಒಳ್ಳೆಯದು.

ಮೂರನೆಯದು ನಿಮ್ಮ ಮಾನಿಟರ್. 1080ಪಿ ಪರದೆಯಲ್ಲಿ ಸುಮಾರು 21 ಲಕ್ಷ ಪಿಕ್ಸೆಲ್, 4ಕೆ ಪರದೆಯಲ್ಲಿ ಅದರ ನಾಲ್ಕು ಪಟ್ಟು. ದೊಡ್ಡ ಕಾರ್ಡ್‌ನ ಬಲ ಬೇಕಾಗುವುದು 4ಕೆಯಲ್ಲಿ. 1080ಪಿಯಲ್ಲಿ ಎಷ್ಟೋ ಆಟಗಳಲ್ಲಿ ಪ್ರೊಸೆಸರ್ ಹಿಂದೆ ಬೀಳುತ್ತದೆ, ಕಾರ್ಡ್ ಕಾಯುತ್ತಾ ಕೂರುತ್ತದೆ. ಮಾನಿಟರ್ 60 ಹರ್ಟ್ಸ್‌ನದಾದರೆ ಅದು ಸೆಕೆಂಡಿಗೆ 60 ಬಾರಿ ಮಾತ್ರ ಚಿತ್ರ ಬದಲಿಸುತ್ತದೆ. ಕಾರ್ಡ್ 200 ಫ್ರೇಮ್ ಕೊಟ್ಟರೂ ಅಷ್ಟೇ.

ನಾಲ್ಕನೆಯದು ವಿದ್ಯುತ್. 2025ರಲ್ಲಿ 1,999 ಡಾಲರ್‌ಗೆ ಬಂದ ಆರ್‌ಟಿಎಕ್ಸ್ 5090 ಪೂರ್ಣ ಬಲದಲ್ಲಿ 575 ವ್ಯಾಟ್ ಎಳೆಯುತ್ತದೆ. ಹಾಗೆ ದಿನಕ್ಕೆ ನಾಲ್ಕು ಗಂಟೆ ಆಡಿದರೆ 2.3 ಯೂನಿಟ್, ತಿಂಗಳಿಗೆ 69 ಯೂನಿಟ್, ಅದೂ ಕಾರ್ಡ್ ಒಂದಕ್ಕೇ. ಇದಕ್ಕೆ ಕಂಪನಿಯೇ 1000 ವ್ಯಾಟ್‌ನ ಪವರ್ ಸಪ್ಲೈ ಸೂಚಿಸುತ್ತದೆ. ಇರುವ ಪವರ್ ಸಪ್ಲೈ ಸಾಲದಿದ್ದರೆ ಅದರ ಖರ್ಚನ್ನೂ ಕಾರ್ಡ್‌ನ ಬೆಲೆಗೇ ಸೇರಿಸಿ.

ಇಷ್ಟು ನೋಡಿದ ಮೇಲೆ ಒಂದು ಸರಳ ಲೆಕ್ಕ ಮಾಡಿ: ನಿಮ್ಮ ಮಾನಿಟರ್‌ನ ರೆಸಲ್ಯೂಷನ್‌ನಲ್ಲಿ ಕಾರ್ಡ್ ಕೊಡುವ ನಿಜವಾದ ಫ್ರೇಮ್‌ಗಳಿಂದ ಬೆಲೆಯನ್ನು ಭಾಗಿಸಿ. ಒಂದು ಫ್ರೇಮ್‌ಗೆ ಎಷ್ಟು ರೂಪಾಯಿ ಬಿತ್ತು ಎಂದು ತಿಳಿಯುತ್ತದೆ. ಎರಡು ಕಾರ್ಡ್‌ಗಳನ್ನು ಹೀಗೆ ಹೋಲಿಸಿದರೆ, ಅತಿ ದುಬಾರಿ ಕಾರ್ಡ್‌ನಲ್ಲಿ ಕೊನೆಯ ಕೆಲವು ಫ್ರೇಮ್‌ಗಳಿಗೆ ಎಷ್ಟು ಹೆಚ್ಚು ತೆರುತ್ತೇವೆ ಎಂಬುದು ಕಾಣುತ್ತದೆ.

ವಿಡಿಯೋ ಎಡಿಟಿಂಗ್, ತ್ರೀಡಿ ವಿನ್ಯಾಸ ಕಲಿಯುವವರಿಗೆ ಹೆಚ್ಚಿನ ಮೆಮೊರಿ ನಾಳೆ ಕೆಲಸಕ್ಕೂ ಬರಬಹುದು. ಬರೀ ಆಟಕ್ಕಾದರೆ, ಪರದೆ ತೋರಿಸಲಾಗದ ಫ್ರೇಮ್‌ಗಳಿಗೆ ಮನೆಯವರ ದುಡಿಮೆ ಸುರಿಯುವುದನ್ನೇ ನಮ್ಮ ಹಿರಿಯರು ಇಸ್ರಾಫ್ ಎನ್ನುವುದು.