ಒಂದು ನಿಲ್ದಾಣ ಮುಂದೆ, ಹತ್ತು ರೂಪಾಯಿ ಹೆಚ್ಚು

ಪ್ರಶ್ನೆ: ಮೆಟ್ರೋದಲ್ಲಿ ಒಂದೇ ನಿಲ್ದಾಣ ಮುಂದೆ ಇಳಿದರೂ ದರ ಒಮ್ಮೆಲೇ 10 ರೂಪಾಯಿ ಏರುವುದೇಕೆ?
– ಓದುಗರು, ಕುರುಬರಹಳ್ಳಿ

ಉತ್ತರ: ನೀವು ಮಹಾಲಕ್ಷ್ಮಿಯಲ್ಲಿ ಹತ್ತಿ, ರಾಜಾಜಿನಗರದಲ್ಲಿ ಹತ್ತಿ, ನಮ್ಮ ಮೆಟ್ರೋ ದರ ನೋಡುವುದು ನಿಲ್ದಾಣವನ್ನಲ್ಲ, ದೂರವನ್ನು. ಆ ದರ ಏರುವುದು ಇಳಿಜಾರಿನ ಹಾಗೆ ನಿಧಾನವಾಗಿ ಅಲ್ಲ, ಮೆಟ್ಟಿಲಿನ ಹಾಗೆ. 2025ರ ಫೆಬ್ರುವರಿ 9ರಂದು ಜಾರಿಯಾದ ಪಟ್ಟಿಯಲ್ಲಿ 2 ಕಿ.ಮೀ.ವರೆಗೆ 10 ರೂಪಾಯಿ, 4ರವರೆಗೆ 20, 6ರವರೆಗೆ 30. ಹೀಗೇ ಹತ್ತುತ್ತಾ 25 ಕಿ.ಮೀ. ದಾಟಿದರೆ 90; ಹಿಂದೆ ಗರಿಷ್ಠ 60 ಇತ್ತು. ನಿಮ್ಮ ನಿಲ್ದಾಣ ಮೆಟ್ಟಿಲಿನ ಅಂಚಿನಾಚೆ ಸ್ವಲ್ಪವೇ ಬಿದ್ದರೂ ಇಡೀ ಮೆಟ್ಟಿಲಿನ ಹಣ ಕೊಡಬೇಕು.

ಹೊಸ ಮೆಟ್ಟಿಲುಗಳು ಎತ್ತರವಾದ್ದರಿಂದ ಕೆಲವು ನಿಲ್ದಾಣಗಳ ನಡುವೆ ದರ ದುಪ್ಪಟ್ಟಾಯಿತು. ಜನ ಸಿಟ್ಟಾದರು, ಹಲವರು ಬಸ್ಸಿಗೂ ಸ್ಕೂಟರಿಗೂ ಮರಳಿದರು. ಐದೇ ದಿನದಲ್ಲಿ ಏರಿಕೆಗೆ ಶೇ 71ರ ಮಿತಿ ಬಂತು. ಅದೂ ಕಡಿಮೆಯೇನಲ್ಲ, ದಿನಗೂಲಿಯವರಿಗೆ, ವಿದ್ಯಾರ್ಥಿಗಳಿಗೆ ಇದು ನಿಜವಾದ ಹೊರೆ. ಹತ್ತರ ಬದಲು ಐದು ರೂಪಾಯಿಯ ಸಣ್ಣ ಮೆಟ್ಟಿಲುಗಳಿದ್ದರೆ ನ್ಯಾಯವಾಗುತ್ತಿತ್ತು.

ಸ್ಮಾರ್ಟ್ ಕಾರ್ಡಿಗೆ ಶೇ 5 ರಿಯಾಯಿತಿ, ದಟ್ಟಣೆಯಿಲ್ಲದ ಹೊತ್ತಿನಲ್ಲಿ ಇನ್ನೂ ಶೇ 5 ಸಿಗುತ್ತದೆ. ಹೊರಡುವ ಮುನ್ನ ಹಿಂದಿನ ನಿಲ್ದಾಣದ ದರವನ್ನೂ ಒಮ್ಮೆ ನೋಡಿಕೊಳ್ಳಿ.